ಸೂಜಿ ಬಾಟಲಿಯ ಕುಂಕುಮ

ಆಗುವುದಿಲ್ಲ ಎಂದವರು ನಮ್ಮ ದೊಡ್ಡಪ್ಪ. ಒಂದಲ್ಲ, ಎರಡು ಸಂಗತಿಗಳ ಬಗ್ಗೆ. ನಮ್ಮ ಮನೆತನದ ಹುಡುಗಿಯೊಬ್ಬಳು ಬಿ.ಎ. ಪಾಸಾಗುವುದು ಮೊದಲನೆಯದು. ಅವ್ವನ ಕಿವಿ ಯಾವ ಔಷಧದಿಂದ ಹೋದವು ಎಂಬುದನ್ನು ನಾವು ಸರ್ಕಾರದ ಕೈಯಿಂದ ಬರೆಸಿಕೊಳ್ಳುವುದು ಎರಡನೆಯದು. ಎರಡಕ್ಕೂ ಅವರು ಆಡಿದ್ದು ಒಂದೇ ಮಾತು: "ಆಗಂಗಿಲ್ಲ ಬಿಡು."

ದೊಡ್ಡಪ್ಪ ಫೌಜಿನಲ್ಲಿ ಹವಾಲ್ದಾರರಾಗಿದ್ದು ನಿವೃತ್ತರಾದ ಮೇಲೆ ನಾಗಪುರದ ಹತ್ತಿರದ ದಂಡಿನ ಊರು ಕಾಮಠಿಯಲ್ಲೇ ಉಳಿದವರು. ಗದಗದ ಕಡೆಯ ಹಳ್ಳಿಯಿಂದ ತಮ್ಮನನ್ನು, ಅಂದರೆ ನಮ್ಮಪ್ಪನನ್ನು, ಕರೆಸಿಕೊಂಡು ಬಜಾರಿನಲ್ಲಿ ಹೊಲಿಗೆ ಅಂಗಡಿ ಹಾಕಿಸಿಕೊಟ್ಟರು. ಅಪ್ಪ ಸೈನಿಕರ ಯೂನಿಫಾರಂ ಹೊಲಿಯುತ್ತಿದ್ದರು. ಅಣ್ಣನ ಮಾತು ಮೀರುತ್ತಿರಲಿಲ್ಲ. ಅವ್ವನಂತೂ ಭಾವನ ಎದುರು ತಲೆಯ ಮೇಲೆ ಸೆರಗು ಹೊದ್ದು ನಿಲ್ಲುವವಳು. ಅವರಿಬ್ಬರು ನೇರವಾಗಿ ಒಬ್ಬರಿಗೊಬ್ಬರು ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ನಿಮ್ಮವ್ವಗ ಹೇಳು, ಸಾರಿಗೆ ಉಪ್ಪು ಕಮ್ಮಿ ಆಗೇತಿ" ಎಂದು ದೊಡ್ಡಪ್ಪ ನನಗೆ ಹೇಳುವರು. "ಉಪ್ಪಿನ ಡಬ್ಬಿ ಅವರ ಮುಂದನ ಐತಿ ಅಂತ ಹೇಳು" ಎಂದು ಅವ್ವ ಒಲೆಯ ಮುಂದಿನಿಂದಲೇ ನನಗೆ ಹೇಳುವಳು. ಮೂರು ಜನವೂ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು.

ಮೊದಲನೆಯ ಸಂಗತಿ ಆಯಿತು. ಓಣಿಯ ಮಕ್ಕಳಿಗೆ ಟ್ಯೂಷನ್ ಹೇಳಿ, ಅಪ್ಪನ ಅಂಗಡಿಯಲ್ಲಿ ಗುಂಡಿ ಹಚ್ಚಿ, ನಾಗಪುರದ ಬಸ್ಸಿನಲ್ಲಿ ನಿಂತುಕೊಂಡೇ ಓದಿ, ಇಂಗ್ಲಿಷಿನಲ್ಲಿ ಒಮ್ಮೆ ನಪಾಸಾಗಿ ಮತ್ತೆ ಕಟ್ಟಿ ಪಾಸಾದೆ. ದೊಡ್ಡಪ್ಪನೇ ಓಣಿ ತುಂಬ ಪೇಢೆ ಹಂಚಿದರು. ನಾಗಪುರದ ಒಂದು ಖಾಸಗಿ ಶಾಲೆಯಲ್ಲಿ ನೌಕರಿ ಸಿಕ್ಕಿತು. ಆಗಿನಿಂದ ಎಲ್ಲಿ ಸಹಿ ಮಾಡಿದರೂ ಹೆಸರಿನ ಮುಂದೆ ಬಿ.ಎ. ಎಂದು ಬರೆಯುತ್ತೇನೆ, ಗ್ಯಾಸ್ ಸಿಲಿಂಡರ್ ತಂದವನ ಚೀಟಿಯ ಮೇಲೆ ಕೂಡ. ಕಷ್ಟಪಟ್ಟು ಗಳಿಸಿದ್ದನ್ನು ಪೆಟ್ಟಿಗೆಯಲ್ಲಿ ಇಟ್ಟು ಬೀಗ ಹಾಕುವ ಅಭ್ಯಾಸ ನನಗಿಲ್ಲ.

ಎರಡನೆಯದಕ್ಕೆ ಬರುತ್ತೇನೆ.

ಒಂದು ಮಳೆಗಾಲದಲ್ಲಿ ಶುರುವಾದ ಅವ್ವನ ಕೆಮ್ಮು ದಸರೆ ಮುಗಿದರೂ ನಿಲ್ಲಲಿಲ್ಲ. ಎಕ್ಸ್‌ರೇ ತೆಗೆಸಿದೆವು. ಟಿಬಿ. ಸರ್ಕಾರಿ ದವಾಖಾನೆಯಲ್ಲಿ ಔಷಧ ಪುಕ್ಕಟೆ ಸಿಗುತ್ತಿತ್ತು. ಆದರೆ ಅಲ್ಲಿ ಹೆಸರು ಹಚ್ಚಿಸಬೇಕು, ಮನೆಗೆ ವಿಚಾರಿಸಲು ಜನ ಬರುತ್ತಾರೆ. ನನಗೆ ಆಗ ಗದಗದ ಕಡೆಯ ಒಂದು ಸಂಬಂಧ ನೋಡುತ್ತಿದ್ದರು. ದೊಡ್ಡಪ್ಪ ಆ ರೋಗದ ಹೆಸರನ್ನು ಬಾಯಲ್ಲಿ ಆಡುತ್ತಿರಲಿಲ್ಲ. "ಆ ಜಡ್ಡು" ಎನ್ನುತ್ತಿದ್ದರು, ಅದನ್ನೂ ದನಿ ಇಳಿಸಿ. ನಾಗಪುರದ ರಸ್ತೆಯಲ್ಲಿದ್ದ ಒಬ್ಬ ಖಾಸಗಿ ಡಾಕ್ಟರ ಹತ್ತಿರ ಅವ್ವನನ್ನು ಅವರೇ ಕರೆದೊಯ್ದರು. ನಾನೂ ಜೊತೆಗಿದ್ದೆ.

"ಡಾಕ್ಟರ್ ಸಾಬ್, ಚೀಟಿಯಲ್ಲಿ ಆ ಹೆಸರು ಬರೆಯಬೇಡಿ. ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದಾಳೆ" ಎಂದು ದೊಡ್ಡಪ್ಪ ಹಿಂದಿಯಲ್ಲಿ ಕೈಮುಗಿದು ಕೇಳಿದರು.

ಡಾಕ್ಟರು ನಕ್ಕರು. "ಎಲ್ಲರೂ ಇದನ್ನೇ ಕೇಳುತ್ತಾರೆ, ಹವಾಲ್ದಾರ್ ಸಾಬ್." ಚೀಟಿಯ ಮೇಲೆ ಅಶಕ್ತತೆ ಎಂದು ಬರೆದರು. ಎಕ್ಸ್‌ರೇ ತಮ್ಮ ಹತ್ತಿರವೇ ಇಟ್ಟುಕೊಂಡರು. ಓಣಿಯಲ್ಲಿ ನಾವು ಹೇಳಿದ್ದೂ ಅದನ್ನೇ: ತಾಕತ್ತಿನ ಸೂಜಿ ಮಾಡಿಸುತ್ತಿದ್ದೇವೆ.

ದೀಪಾವಳಿ ಮುಗಿಯುತ್ತಲೇ ಸೂಜಿ ಶುರುವಾಯಿತು. ಶಾಲೆಗೆ ಹೋಗುವಾಗ ಅವ್ವನನ್ನು ಬಸ್ಸಿನಲ್ಲಿ ಕರೆದೊಯ್ದು ಆ ದವಾಖಾನೆಯ ಮುಂದೆ ಇಳಿಸುತ್ತಿದ್ದೆ. ಸೂಜಿಯ ಪುಡಿ ಸಣ್ಣ ಗಾಜಿನ ಬಾಟಲಿಗಳಲ್ಲಿ ಬರುತ್ತಿತ್ತು, ಮೇಲೆ ರಬ್ಬರಿನ ಬೂಚು. ಒಬ್ಬರ ಬಾಟಲಿ ಇನ್ನೊಬ್ಬರಿಗೆ ಹೋಗಬಾರದೆಂದು ಕಾಂಪೌಂಡರು ತೆರೆಯುವ ಮೊದಲು ಲೇಬಲ್ಲಿನ ಮೇಲೆ ಪೇಶಂಟಿನ ಹೆಸರು, ತಾರೀಖು ಗೀಚುತ್ತಿದ್ದ. ಖಾಲಿಯಾದ ಬಾಟಲಿಯನ್ನು ಅವ್ವ ಕೇಳಿ ಇಸಿದುಕೊಳ್ಳುತ್ತಿದ್ದಳು. ನಮ್ಮ ಕಡೆ ಅಂಥ ಬಾಟಲಿಯನ್ನು ಯಾರೂ ಬಿಸಾಡುವುದಿಲ್ಲ. ಸುಣ್ಣದ ನೀರಿಗೆ ಆಗುತ್ತದೆ, ಕಾಡಿಗೆಗೆ ಆಗುತ್ತದೆ, ಕುಂಕುಮಕ್ಕಂತೂ ಅದಕ್ಕಿಂತ ಒಳ್ಳೆಯ ಡಬ್ಬಿ ಇಲ್ಲ. ಬೂಚು ಹಾಕಿದರೆ ತೇವ ಒಳಗೆ ಹೋಗುವುದಿಲ್ಲ.

ಸಂಕ್ರಾಂತಿ ಬಂತು. ನಾಗಪುರದ ಕಡೆ ಸಂಕ್ರಾಂತಿಯಿಂದ ರಥಸಪ್ತಮಿಯವರೆಗೆ ಮುತ್ತೈದೆಯರು ಒಬ್ಬರನ್ನೊಬ್ಬರು ಅರಿಶಿನ-ಕುಂಕುಮಕ್ಕೆ ಕರೆಯುತ್ತಾರೆ, ಎಳ್ಳುಂಡೆಯ ಜೊತೆಗೆ ಏನಾದರೊಂದು ಸಣ್ಣ ವಸ್ತು ಕೊಡುತ್ತಾರೆ. ಬಾಚಣಿಕೆ, ಚಹಾ ಸೋಸುವ ಜರಡಿ, ಹೀಗೆ. ಅದಕ್ಕೆ ವಾಣ ಎನ್ನುತ್ತಾರೆ. ಆ ವರ್ಷ ಅವ್ವ ಕೊಟ್ಟ ವಾಣ ಈ ಬಾಟಲಿಗಳು. ಬಿಸಿನೀರಲ್ಲಿ ಒಳಗನ್ನು ತೊಳೆದು, ಒಣಗಿಸಿ, ಊರಿಂದ ತರಿಸಿದ ಕುಂಕುಮ ತುಂಬಿದಳು. ಹೊರಗೆ ತನ್ನ ಹೆಸರು ಕಾಣಬಾರದೆಂದು ಲೇಬಲ್ಲಿನ ಮೇಲೆಯೇ ಹೊಳೆಯುವ ಬಣ್ಣದ ಕಾಗದ ಸುತ್ತಿ ಮೈದಾ ಅಂಟಿನಿಂದ ಅಂಟಿಸಿದಳು. ಅಪ್ಪನ ಅಂಗಡಿಯ ಜರಿ ಚೂರನ್ನು ಬೂಚಿಗೆ ಕಟ್ಟಿದಳು. ಓಣಿಯ ಹೆಂಗಸರಿಗೆ ಬಹಳ ಹಿಡಿಸಿತು. ಎದುರು ಮನೆಯ ಕಾಕು, ಮರಾಠಿಯವರು, ಬಾಯಿ ಜೋರು, ಅವ್ವನ ಗೆಳತಿ, ಕೇಳಿಯೇ ಎರಡನೆಯದು ತೆಗೆದುಕೊಂಡರು.

ಆ ಹೊತ್ತಿಗಾಗಲೇ ಅವ್ವನಿಗೆ ಕಿವಿಯಲ್ಲಿ ಗುಂಯ್ ಎನ್ನುವುದು ಶುರುವಾಗಿತ್ತು. "ಕಿವ್ಯಾಗ ಜೀರುಂಡಿ ಕುಂತಾವು" ಎನ್ನುತ್ತಿದ್ದಳು. ನಡೆಯುವಾಗ ಗೋಡೆ ಹಿಡಿಯುತ್ತಿದ್ದಳು. ಡಾಕ್ಟರಿಗೆ ಹೇಳಿದೆ. ಅಶಕ್ತತೆ, ಹೋಗುತ್ತದೆ ಎಂದರು. ಮತ್ತೆ ಹೇಳಿದೆ. ಕೋರ್ಸು ನಡುವೆ ಬಿಡಬಾರದು ಎಂದರು. ಸೂಜಿ ನಡೆಯಿತು. ಹೋಳಿಯ ದಿನ ಓಣಿಯಲ್ಲಿ ಹುಡುಗರು ಡಬ್ಬಿ ಬಡಿಯುತ್ತಿದ್ದಾಗ ಅವ್ವ ಬಾಗಿಲಲ್ಲಿ ನಿಂತು, "ಈ ವರ್ಷ ಯಾಕ ಇಷ್ಟು ಸುಮ್ಮ ಐತಿ?" ಎಂದು ಕೇಳಿದಳು. ನಾನು ಅಪ್ಪನ ಮುಖ ನೋಡಿದೆ.

ಕೆಮ್ಮು ವಾಸಿಯಾಯಿತು. ಕಿವಿ ಬರಲಿಲ್ಲ. ಡಾಕ್ಟರು ವಯಸ್ಸು ಎಂದರು. ಅವ್ವ ಕನ್ನಡ ಎರಡನೆಯ ಇಯತ್ತೆ ಓದಿದ್ದಳು. ನಾವು ಪಾಟಿಯ ಮೇಲೆ ಬರೆದು ತೋರಿಸುವುದನ್ನು ರೂಢಿ ಮಾಡಿಕೊಂಡೆವು. ತನ್ನ ದನಿ ತನಗೇ ಕೇಳದ ಕಾರಣ ಅವಳ ಮಾತು ಜೋರಾಯಿತು. ದೊಡ್ಡಪ್ಪನಿಗೆ ಅದೇ ದೊಡ್ಡ ಸಂಕಟ. "ಮೆಲ್ಲಕ ಮಾತಾಡಂತ ಹೇಳು ನಿಮ್ಮವ್ವಗ" ಎಂದು ನನಗೆ ಹೇಳುತ್ತಿದ್ದರು. ಅದನ್ನು ಪಾಟಿಯ ಮೇಲೆ ಬರೆಯಲು ನನಗೆ ಮನಸ್ಸಾಗುತ್ತಿರಲಿಲ್ಲ. ಬರೆಯುತ್ತಿರಲಿಲ್ಲ.

ಸರ್ಕಾರಿ ಆಸ್ಪತ್ರೆಯ ಕಿವಿ ವಿಭಾಗದಲ್ಲಿ ಒಬ್ಬ ಡಾಕ್ಟರಮ್ಮ ನೋಡಿ, "ಟಿಬಿ ಸೂಜಿ ತೆಗೆದುಕೊಂಡಿದ್ದರಾ?" ಎಂದು ಕೇಳಿದರು. ಆ ಸೂಜಿಯಿಂದ ಕೆಲವರಿಗೆ ಹೀಗೆ ಆಗುತ್ತದೆ, ಗುಂಯ್ ಎಂದಾಗಲೇ ನಿಲ್ಲಿಸಿದ್ದರೆ ಇಷ್ಟು ಹೋಗುತ್ತಿರಲಿಲ್ಲ ಎಂದರು. "ಬರೆದು ಕೊಡಿ" ಎಂದೆ. "ಸೂಜಿ ಕೊಟ್ಟ ಪುರಾವೆ ತೋರಿಸಿ, ಬೋರ್ಡಿನ ಮುಂದೆ ಇಡೋಣ. ಈ ಚೀಟಿಯಲ್ಲಿ ಅಶಕ್ತತೆ ಅಂತ ಇದೆಯಲ್ಲ?" ಎಂದರು. ಅವರದು ತಪ್ಪಲ್ಲ.

ನಾನು ವಕೀಲರನ್ನು ಹುಡುಕಿದೆ. ಸಿವಿಲ್ ಲೈನ್ಸಿನಲ್ಲಿ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ ಒಬ್ಬ ಹಿರಿಯರು ಸಿಕ್ಕರು. ಡಾಕ್ಟರುಗಳ ಮೇಲೆ ಗ್ರಾಹಕರ ಕೋರ್ಟಿನಲ್ಲಿ ದೂರು ಕೊಡಬಹುದೆಂದು ಆಗಷ್ಟೇ ಜನಕ್ಕೆ ತಿಳಿಯುತ್ತಿದ್ದ ಕಾಲ. ನಾನು ಇಂಗ್ಲಿಷಿನಲ್ಲಿ ಬರೆದುಕೊಂಡು ಹೋಗಿದ್ದ ಹಕೀಕತ್ತನ್ನು ಅವರು ಕಡೆಯ ಸಾಲಿನಿಂದ ಓದತೊಡಗಿದರು.

"ಸಹಿಯ ಮುಂದೆ ಇದೇನು?"

"ಬಿ.ಎ., ಸರ್."

"ಅದು ಕಾಣುತ್ತಿದೆ. ಆ ಕಡೆಯವನು ಎಂ.ಬಿ.ಬಿ.ಎಸ್. ಅಂತ ಬರೆಯುತ್ತಾನೆ, ಬೇಟಾ. ಅಕ್ಷರ ಎಣಿಸಿದರೆ ಅವನೇ ಗೆಲ್ಲುವುದು."

ನಾನು ನಗಲಿಲ್ಲ. ಅವರು ಕನ್ನಡಕ ತೆಗೆದು, "ಇರಲಿ, ಹೊಡೆದುಹಾಕಬೇಡ. ಇಂಗ್ಲಿಷ್ ಚೆನ್ನಾಗಿದೆ" ಎಂದರು. ಡಾಕ್ಟರಿಗೆ ನೋಟಿಸು ಕಳಿಸಿದರು.

ಉತ್ತರ ಬಂತು. ಆಕೆಗೆ ಟಿಬಿ ಇರಲೇ ಇಲ್ಲ, ಡಾಕ್ಟರು ಕೊಟ್ಟದ್ದು ಅಶಕ್ತತೆಗೆ ತಾಕತ್ತಿನ ಸೂಜಿ, ಜೊತೆಗೆ ಬಂದ ನಿವೃತ್ತ ಹವಾಲ್ದಾರರೇ ಹಾಗೆ ಹೇಳಿದ್ದರು, ಚೀಟಿ ನೋಡಿ. ಓಣಿಗೆ ನಾವು ಹೇಳಿದ ಸುಳ್ಳೇ ಟೈಪಾಗಿ, ಮೊಹರು ಬಿದ್ದು, ರಿಜಿಸ್ಟರ್ ಟಪಾಲಿನಲ್ಲಿ ಮನೆಗೆ ಬಂದಿತ್ತು. ದೊಡ್ಡಪ್ಪನಿಗೆ ಓದಿ ಹೇಳಿದೆ. "ನಾ ಹೇಳಿದ್ದಿಲ್ಲೇನು, ಆಗಂಗಿಲ್ಲ ಅಂತ? ಇನ್ನ ಬಿಟ್ಟುಬಿಡು" ಎಂದರು. ಆದರೆ ಅಂದು ಅವರು ಚಹಾ ಕುಡಿಯಲಿಲ್ಲ.

ವಕೀಲರು ಕೇಳಿದರು: "ಬಿಲ್ಲು? ಔಷಧದ ಡಬ್ಬಿ? ಖಾಲಿ ಬಾಟಲಿ?"

"ಬಾಟಲಿ ಇದ್ದವು, ಸರ್. ಅವ್ವ ವಾಣ ಕೊಟ್ಟುಬಿಟ್ಟಳು."

ಅವರು ಪೆನ್ನು ಕೆಳಗಿಟ್ಟರು. "ಪುರಾವೆಯನ್ನು ಸುಟ್ಟವರನ್ನು ನೋಡಿದ್ದೇನೆ, ಹೂತವರನ್ನು ನೋಡಿದ್ದೇನೆ. ಅದರಲ್ಲಿ ಕುಂಕುಮ ತುಂಬಿ ಮುತ್ತೈದೆಯರಿಗೆ ಹಂಚಿದವರನ್ನು ಮೊದಲ ಸಲ ನೋಡುತ್ತಿದ್ದೇನೆ." ಆಮೇಲೆ ಕೇಳಿದರು: "ಲೇಬಲ್ಲು ಕಿತ್ತಿದ್ದಳೇ?"

ಕಿತ್ತಿರಲಿಲ್ಲ. ಮೇಲೆ ಬಣ್ಣದ ಕಾಗದ ಹಚ್ಚಿದ್ದಳು.

ಮನೆಯಲ್ಲಿ ಉಳಿದದ್ದು ಒಂದೂ ಇರಲಿಲ್ಲ. ಇದ್ದ ಕುಂಕುಮಕ್ಕೆಲ್ಲ ಬಾಟಲಿ, ಇದ್ದ ಬಾಟಲಿಗೆಲ್ಲ ಮನೆ ಹುಡುಕುವುದು ಅವ್ವನ ಸ್ವಭಾವ. ಸಂಕ್ರಾಂತಿಯ ನಂತರದ ಖಾಲಿ ಬಾಟಲಿಗಳೂ ಊರಿಗೆ, ನೆಂಟರಿಗೆ ಹೋಗಿದ್ದವು. ನಾನು ಎದುರು ಮನೆಗೆ ಹೋಗಿ ಕಾಕುವಿಗೆ ಬಾಟಲಿ ವಾಪಸು ಬೇಕಿತ್ತು ಎಂದೆ.

"ಅಗೋ ಪೋರೀ, ವಾಣ ಯಾರಾದರೂ ವಾಪಸು ಕೇಳುತ್ತಾರೇನೇ?" ಕಾಕು ಮರಾಠಿಯಲ್ಲಿ ಸಿಡುಕಿದರು. "ಕೊಟ್ಟ ಕುಂಕುಮ ವಾಪಸು ತೆಗೆದುಕೊಂಡರೆ ನಿನ್ನ ತಾಯಿಗೂ ಒಳ್ಳೆಯದಲ್ಲ, ನನಗೂ ಒಳ್ಳೆಯದಲ್ಲ. ಬಿ.ಎ.ಯಲ್ಲಿ ಇದನ್ನು ಕಲಿಸಲಿಲ್ಲವೋ?"

ಕಾರಣ ಹೇಳದೆ ವಿಧಿಯಿರಲಿಲ್ಲ. ಹೇಳಿದರೆ ಓಣಿಗೆಲ್ಲ ಗೊತ್ತಾಗುತ್ತದೆ. ನಾನು ಮನೆಗೆ ಬಂದು ಪಾಟಿಯ ಮೇಲೆ ಅವ್ವನಿಗೆ ಬರೆದು ತೋರಿಸಿದೆ: ಬಾಟಲಿ ಬೇಕಾದರೆ ಟಿಬಿ ಅಂತ ಹೇಳಬೇಕಾಗತೈತಿ. ಏನು ಮಾಡಲಿ?

ಅವ್ವ ಓದಿದಳು. ಸೆರಗಿನಿಂದ ಪಾಟಿ ಒರೆಸಿದಳು. ತಾನೇ ಎದ್ದು, ಗೋಡೆ ಹಿಡಿದು ಹೊಸ್ತಿಲು ದಾಟಿ, ರಸ್ತೆಯ ಈ ಬದಿಯಿಂದಲೇ ತನ್ನ ಮುರುಕು ಮರಾಠಿಯಲ್ಲಿ ಎದುರು ಮನೆಗೆ ಕೂಗಿ ಹೇಳಿದಳು. ತನಗೆ ಟಿಬಿ ಆಗಿತ್ತು, ಈಗ ವಾಸಿಯಾಗಿದೆ, ಆ ಸೂಜಿಯಿಂದ ಕಿವಿ ಹೋದವು, ಬಾಟಲಿ ಬೇಕು. ಎಷ್ಟು ಜೋರಾಗಿ ಹೇಳುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯುವಂತಿರಲಿಲ್ಲ. ನಲ್ಲಿಯ ಹತ್ತಿರ ನಿಂತ ಹೆಂಗಸರೆಲ್ಲ ತಿರುಗಿ ನೋಡಿದರು. ಒಳಗಿದ್ದ ದೊಡ್ಡಪ್ಪ ಬಾಗಿಲು ಎಳೆದುಕೊಂಡರು. ಅಷ್ಟರಲ್ಲಿ ಎಲ್ಲ ಹೇಳಿ ಮುಗಿದಿತ್ತು.

ಎರಡು ಮನೆಯವರು ಅಂದೇ ಬಾಟಲಿಯನ್ನು ಚರಂಡಿಗೆ ಬಿಸಾಡಿದರು. ಒಬ್ಬಳು ತನ್ನ ಮಕ್ಕಳನ್ನು ನನ್ನ ಟ್ಯೂಷನ್ನಿನಿಂದ ಬಿಡಿಸಿದಳು. ಗದಗದ ಸಂಬಂಧವೂ ಹೋಯಿತು. ಸುದ್ದಿ ಅಲ್ಲಿಯವರೆಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಆ ಹುಡುಗನನ್ನು ನಾನು ಫೋಟೋದಲ್ಲಿ ಮಾತ್ರ ನೋಡಿದ್ದೆ, ಹಾಗಾಗಿ ನಷ್ಟ ಎಷ್ಟೆಂದು ಹೇಳಲಾರೆ.

ಕಾಕು ಒಂದಷ್ಟು ದಿನ ಮಾತಾಡಲಿಲ್ಲ. ಟಿಬಿಯ ಸಿಟ್ಟಲ್ಲ, ಗೆಳತಿಯಾಗಿ ತನಗೂ ಹೇಳದೆ ಮುಚ್ಚಿಟ್ಟಳಲ್ಲ ಎಂಬ ಸಿಟ್ಟು. ಸಂಕ್ರಾಂತಿ ಮತ್ತೆ ಬಂದಾಗ ಅವರೇ ಬಂದು ಬಾಗಿಲಲ್ಲಿ ನಿಂತರು.

"ನಿನ್ನ ತಾಯಿಗೆ ಬರೆದು ತೋರಿಸು. ಸಂಜೆ ನಮ್ಮ ಮನೆಗೆ ಅರಿಶಿನ-ಕುಂಕುಮಕ್ಕೆ ಬರಬೇಕು. ವಾಪಸು ಕೊಡುವುದಿಲ್ಲ ಅಂದೆನಲ್ಲ, ಕೊಡುವುದಿಲ್ಲ. ನಾನು ಅವಳಿಗೆ ವಾಣ ಕೊಡುತ್ತೇನೆ. ನನ್ನ ಮನೆಯ ವಾಣ, ಏನು ಕೊಡಬೇಕು ಅಂತ ಯಾರು ಕೇಳುವವರು?"

ಸಂಜೆ ಅವ್ವ ಇಳಕಲ್ ಸೀರೆ ಉಟ್ಟು ಹೋದಳು. ಕಾಕು ಹಣೆಗೆ ಕುಂಕುಮ ಹಚ್ಚಿ, ಕೈಗೆ ಎಳ್ಳುಂಡೆ ಕೊಟ್ಟು, ಉಡಿಯಲ್ಲಿ ಎರಡು ಬಾಟಲಿ ಹಾಕಿದರು. ಒಂದು ಹಸಿರು ಕಾಗದದ್ದು, ಒಂದು ಕೆಂಪು. ಅರ್ಧ ಕುಂಕುಮ ಖರ್ಚಾಗಿತ್ತು. ಮತ್ತೆ ತುಂಬಿಸಿದ್ದರು, ಖಾಲಿ ಕೊಡಬಾರದಂತೆ. ರಥಸಪ್ತಮಿ ಬರುವುದರೊಳಗೆ ಉಳಿದ ಮನೆಗಳಿಂದಲೂ ಕರೆ ಬಂತು. ಕಾಕುವಿನ ಬಾಯಿಗೆ ಹೆದರಿ ಕರೆದವರು ಕೆಲವರು ಇರಬಹುದು. ಪಕ್ಕದ ಊರು ಕನ್ಹಾನಿಗೆ ಮದುವೆಯಾಗಿ ಹೋದ ಮಗಳ ಮನೆಯಿಂದ ಒಬ್ಬ ತಾಯಿ ಬಾಟಲಿ ತರಿಸಿಕೊಂಡರು. ಎಲ್ಲ ಮುಗಿದಾಗ ನಮ್ಮ ದೇವರ ಮಾಡದಲ್ಲಿ ಬಣ್ಣಬಣ್ಣದ ಬಾಟಲಿಗಳ ಒಂದು ಸಾಲೇ ನಿಂತಿತು.

ದೊಡ್ಡಪ್ಪ ಆ ಸಾಲನ್ನು ಬಂದು ನೋಡಿದರು. ಕೈಗೆತ್ತಿಕೊಳ್ಳಲಿಲ್ಲ.

"ಇನ್ನೇನ ಬೇಕಂತಾರ ನಿಮ್ಮ ವಕೀಲರು?"

"ಚೀಟ್ಯಾಗ ಆ ಹೆಸರು ಬರೀಬ್ಯಾಡ್ರಿ ಅಂತ ನೀವ ಹೇಳಿದ್ರಿ ಅನ್ನೂದನ್ನ ನೀವು ಸಹಿ ಮಾಡಿ ಕೊಡಬೇಕಂತ, ದೊಡ್ಡಪ್ಪಾ."

"ಕೋರ್ಟಿನ್ಯಾಗ?"

"ಹೂಂ."

"ಓಣಿಗೆಲ್ಲ ಡಂಗುರ ಹೊಡದ ಮ್ಯಾಲೆ ಇನ್ನ ಮುಚ್ಚೂದು ಏನ ಉಳದೈತಿ" ಎಂದರು. ಮರುದಿನ ಇಸ್ತ್ರಿಯ ಪ್ಯಾಂಟು ಹಾಕಿ, ಎದೆಗೆ ಪದಕ ಚುಚ್ಚಿಕೊಂಡು ತಯಾರಾದರು. ಪದಕ ಬೇಡವೆಂದು ವಕೀಲರು ತೆಗೆಸಿ, ಸಹಿ ಮಾಡಿಸಿಕೊಂಡರು.

ದೂರು ದಾಖಲಾಗಿ ವಿಚಾರಣೆಗೆ ಬಂದಾಗ ಗ್ರಾಹಕರ ಕೋರ್ಟಿನ ಅಧ್ಯಕ್ಷರ ಎದುರಿಗೇ ಮೊದಲ ಬಾಟಲಿಯ ಕಾಗದ ತೆಗೆದರು. ಒದ್ದೆ ಬಟ್ಟೆಯಿಂದ ಒರೆಸುತ್ತ ಹೋದಂತೆ ಮೈದಾ ಅಂಟು ನೆನೆದು ಹಸಿರು ಕಾಗದ ಜಾರಿ ಬಂತು. ಕೆಳಗೆ ಲೇಬಲ್ಲು ಹೊಸದರಂತೆ ಇತ್ತು: ಸೂಜಿಯ ಹೆಸರು ಸ್ಟ್ರೆಪ್ಟೊಮೈಸಿನ್, ಅದರ ಮೇಲೆ ಕಾಂಪೌಂಡರ ಬಾಲ್‌ಪೆನ್ನಿನಲ್ಲಿ ಅವ್ವನ ಹೆಸರು, ತಾರೀಖು. ಬೂಚು ಸಡಿಲಾಗಿ ಮೇಜಿನ ಕಾಗದಗಳ ಮೇಲೆಲ್ಲ ಕುಂಕುಮ ಚೆಲ್ಲಿತು. ಅಧ್ಯಕ್ಷರು ಕೈ ಒರೆಸಿಕೊಂಡು, ಎದುರು ಪಕ್ಷದ ವಕೀಲರಿಗೆ, "ತಾಕತ್ತಿನ ಸೂಜಿ ಅಂದಿರಲ್ಲ?" ಎಂದು ಕೇಳಿದರು. ಉಳಿದ ಬಾಟಲಿಗಳನ್ನೂ ಒಂದೊಂದಾಗಿ ಬಿಡಿಸಿದರು. ಅವ್ವನನ್ನು ಸರ್ಕಾರಿ ವೈದ್ಯರ ಬೋರ್ಡು ಪರೀಕ್ಷಿಸಿ, ಕಿವುಡಿಗೆ ಕಾರಣ ಏನೆಂದು ಬರೆದು ಕೊಡಬೇಕೆಂದು ಆದೇಶವಾಯಿತು.

ಕೇಸಿನ ಕೊನೆ ಏನಾಯಿತೆಂದು ಕೇಳುವವರಿಗೆ ಇಲ್ಲೇ ಹೇಳಿಬಿಡುತ್ತೇನೆ. ತೀರ್ಪು ನಮ್ಮ ಕಡೆ ಆಯಿತು. ಅವರು ಮೇಲಿನ ಕೋರ್ಟಿಗೆ ಹೋದರು, ಅದು ಎಳೆಯಿತು, ಕಡೆಗೆ ಬಂದ ಪರಿಹಾರದಲ್ಲಿ ಅವ್ವನಿಗೆ ಕಿವಿಯ ಮಶೀನು ಕೊಂಡೆವು. ಅದು ಅವಳಿಗೆ ಉಪಯೋಗವಾಗಲಿಲ್ಲ. ನರವೇ ಹೋಗಿತ್ತು. ಅದೆಲ್ಲ ಆಮೇಲಿನದು. ನಮ್ಮ ಮನೆಯಲ್ಲಿ ಕೇಸು ಗೆದ್ದ ದಿನ ಎಂದರೆ ಬೋರ್ಡಿನ ಸರ್ಟಿಫಿಕೇಟು ಸಿಕ್ಕ ದಿನವನ್ನೇ ಲೆಕ್ಕ ಹಿಡಿಯುತ್ತೇವೆ.

ಅಂದು ಆಸ್ಪತ್ರೆಯ ವರಾಂಡದಲ್ಲಿ ಬೆಳಗಿನಿಂದ ಕಾದಿದ್ದೆವು. ನಾನು, ಅವ್ವ, ದೊಡ್ಡಪ್ಪ. ಅಪ್ಪನಿಗೆ ರೆಜಿಮೆಂಟಿನ ಬಟ್ಟೆ ಕೊಡುವುದಿತ್ತು. ಬೆಂಚಿನ ಮೇಲೆ ಜನ, ನೆಲದ ಮೇಲೆ ಜನ. ಗುಮಾಸ್ತ ಹೊರಗೆ ಬಂದು ಅವ್ವನ ಹೆಸರು ಕೂಗಿದ. ಅವಳಿಗೆ ಕೇಳಲಿಲ್ಲ, ನಾನು ಎದ್ದೆ. ಅವನು ನನ್ನನ್ನು ದಾಟಿ ದೊಡ್ಡಪ್ಪನ ಕಡೆ ಕಾಗದ ಚಾಚಿದ.

"ಆಕೆಗೆ ಕೊಡಿ" ಎಂದು ದೊಡ್ಡಪ್ಪ ಹಿಂದಿಯಲ್ಲಿ ಹೇಳಿದರು. "ನಮ್ಮಲ್ಲಿ ಬಿ.ಎ. ಆಕೆಯೇ."

ನಾನು ರಿಜಿಸ್ಟರಿನಲ್ಲಿ ಸಹಿ ಮಾಡಿದೆ, ಬಿ.ಎ. ಎಂದು ಬರೆದೆ, ಸರ್ಟಿಫಿಕೇಟು ಕೈಗೆ ಬಂತು. ಇಂಗ್ಲಿಷಿನಲ್ಲಿ ನಾಲ್ಕೇ ಸಾಲು. ಕ್ಷಯಕ್ಕೆ ಕೊಟ್ಟ ಸೂಜಿಯಿಂದ ಎರಡೂ ಕಿವಿಗಳ ಶ್ರವಣ ನಷ್ಟವಾಗಿದೆ. ಕೆಳಗೆ ಮೂವರ ಸಹಿ, ಮೊಹರು. ಓದಿ ದೊಡ್ಡಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅವರು ಕಾಗದವನ್ನು ಇಸಿದುಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, "ಆ ಹೆಸರು ಇದನ?" ಎಂದು ಕೇಳಿ ಖಾತ್ರಿ ಮಾಡಿಕೊಂಡರು. ಆಮೇಲೆ ಅವ್ವನ ಕೈಗೆ ಕೊಟ್ಟರು.

ಅವಸರದಲ್ಲಿ ಪಾಟಿ ಮನೆಯಲ್ಲೇ ಉಳಿದಿತ್ತು. ಅವ್ವ ಕಾಗದವನ್ನು ತಿರುವಿ ಮುರುವಿ ನೋಡಿ, ನನ್ನ ಮುಖ ನೋಡಿ, ವರಾಂಡವೆಲ್ಲ ಕೇಳುವಂತೆ ಕೇಳಿದಳು: "ಬರದಾರೇನು? ಟಿಬಿ ಅಂತ ಬರದಾರೇನು?"

ಬೆಂಚಿನ ಮೇಲಿದ್ದವರು ತಿರುಗಿದರು. ನಾನು ಪೆನ್ನು ತೆಗೆದು ಅಂಗೈಯ ಮೇಲೆ ಬರೆಯಲು ಹೋದೆ. ಅಷ್ಟರಲ್ಲಿ ದೊಡ್ಡಪ್ಪ ನನ್ನನ್ನು ಬದಿಗೆ ಸರಿಸಿ, ಅವ್ವನ ಎದುರಿಗೆ ಹೋಗಿ ನಿಂತರು. ಅವ್ವ ಅಭ್ಯಾಸದಂತೆ ಸೆರಗಿಗೆ ಕೈ ಹಾಕಿದಳು. ಅವರು ಬಗ್ಗಿ, ತುಟಿ ಅವಳಿಗೆ ಕಾಣುವಂತೆ, ಪರೇಡಿನ ದನಿಯಲ್ಲಿ ಕೂಗಿದರು:

"ಬರದಾರವಾ! ಟಿಬಿ ಅಂತನ ಬರದಾರ! ಸೂಜಿಯಿಂದನ ನಿನ್ನ ಕಿವಿ ಹೋಗ್ಯಾವಂತ ಬರದಾರ!"